ಹಾಡುವ ಚಿತ್ರ, ನಗಿಸುವ ನೆರಳು

ಚಿತ್ರಕ್ಕೆ ಬಾಯಿಲ್ಲ, ಹಾಡಿಗೆ ರೂಪವಿಲ್ಲ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಗೋಡೆಯ ಮೇಲಿನ ಚಿತ್ರವನ್ನು ನಾವು ಮೌನವಾಗಿ ನೋಡುತ್ತೇವೆ. ಹಾಡನ್ನು ಕಣ್ಣು ಮುಚ್ಚಿ ಕೇಳುತ್ತೇವೆ. ಆದರೆ ಚಿತ್ರವೇ ಎದ್ದು ಕುಣಿದು, ಹಾಡಿ, ನಕ್ಕು, ನಗಿಸಿ, ಕೊನೆಗೆ ಎದುರಿಗೆ ಕುಳಿತವನನ್ನೇ ಹೆಸರು ಹಿಡಿದು ಕೂಗಿ ಗೇಲಿಮಾಡುವ ಕಲೆಯೊಂದು ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅದೇ ತೊಗಲುಗೊಂಬೆಯಾಟ. ಮಡಕಶಿರಾ, ರಾಯದುರ್ಗ, ಹಿಂದೂಪುರ ಸೀಮೆಗಳ ಹಿರಿಯರಿಗೆ ಈ ಹೆಸರನ್ನು ಕೇಳಿದೊಡನೆಯೇ ಕಿವಿಯಲ್ಲಿ ಮದ್ದಳೆಯ ಸದ್ದೂ, ತುಟಿಯಲ್ಲಿ ಒಂದು ನಗುವೂ ಮೂಡದೆ ಇರಲಾರವು.

ಈ ಲೇಖಕನು ವೃತ್ತಿಯಿಂದ ಹಳ್ಳಿಯ ಕನ್ನಡ ಶಾಲೆಯೊಂದರ ಮುಖ್ಯೋಪಾಧ್ಯಾಯ. ಪ್ರವೃತ್ತಿಯಿಂದ ಚಿತ್ರಕಥೆಗಳ ಅಭಿಮಾನಿ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ ಬಹುಬೇಗ ಕನ್ನಡಕ್ಕೂ ಬಂದ 'ಚಂದಮಾಮ'ದಲ್ಲಿ ಶಂಕರ್ ಅವರು ಬರೆಯುತ್ತಿದ್ದ ವಿಕ್ರಮ-ಬೇತಾಳರ ಚಿತ್ರ, ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ 'ಅಮರ ಚಿತ್ರಕಥೆ'ಯ ಬಣ್ಣದ ಪುಟಗಳು, ಇವುಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದ ಪೀಳಿಗೆಗೆ ಸೇರಿದವನು ನಾನು. ಇಂದು ನನ್ನ ವಿದ್ಯಾರ್ಥಿಗಳು ಅದೇ ಕೆಲಸವನ್ನು ಮಾಡುವಾಗ ಗದರಿಸಲು ಮನಸ್ಸು ಬಾರದು. ಚಿತ್ರದ ಸಾಲಿನಲ್ಲಿ ಕಥೆ ಹೇಳುವುದು ಮುದ್ರಣಯಂತ್ರವು ನಮಗೆ ತಂದುಕೊಟ್ಟ ಹೊಸ ವಿದ್ಯೆಯೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಚಿತ್ರಕಥೆ ನಮ್ಮ ನೆಲದಲ್ಲಿ ಬಹು ಹಿಂದೆಯೇ ಇತ್ತು. ವ್ಯತ್ಯಾಸವಿಷ್ಟೆ: ಆಗ ಅದಕ್ಕೆ ಜೀವಂತ ಕಂಠವಿತ್ತು; ಎದುರಿಗೊಂದು ಜನಸ್ತೋಮವಿತ್ತು. ಈ ಎರಡೂ ಇಲ್ಲವಾದಾಗ ಚಿತ್ರವೊಂದೇ ಉಳಿದು ಏನು ಪ್ರಯೋಜನ ಎಂಬುದೇ ಈ ಲೇಖನದ ಪ್ರಶ್ನೆ.

ಮೇಲ್ಛಾವಣಿಯ ಚಿತ್ರಕಥೆ

ತೊಗಲುಗೊಂಬೆಯ ವಂಶವನ್ನು ಅರಿಯಬೇಕೆನ್ನುವವರು ಹಿಂದೂಪುರದ ಬಳಿಯ ಲೇಪಾಕ್ಷಿಗೆ ಒಮ್ಮೆ ಹೋಗಿಬರಬೇಕು. ಹೋದವರೆಲ್ಲರೂ ಅಲ್ಲಿಯ ಬೃಹತ್ ನಂದಿಯನ್ನು ನೋಡುತ್ತಾರೆ. ನೆಲಕ್ಕೆ ತಾಗದ ಕಂಬದ ಕೆಳಗೆ ಬಟ್ಟೆ ತೂರಿಸಿ ಬೆರಗಾಗುತ್ತಾರೆ. ಆದರೆ ಕತ್ತೆತ್ತಿ ಮೇಲ್ಛಾವಣಿಯನ್ನು ನಿಧಾನವಾಗಿ ಓದುವವರು ಕಡಿಮೆ. ಓದುವುದೆಂಬ ಮಾತನ್ನು ನಾನು ತಿಳಿದೇ ಬಳಸಿದ್ದೇನೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ಅಂದರೆ 16ನೆಯ ಶತಮಾನದ ಪೂರ್ವಾರ್ಧದಲ್ಲಿ, ಪೆನುಕೊಂಡೆಯ ಅಧಿಕಾರಿ ವಿರೂಪಣ್ಣನು ಕಟ್ಟಿಸಿದ ಈ ವೀರಭದ್ರ ದೇವಾಲಯದ ಛಾವಣಿಯಲ್ಲಿ ಉದ್ದನೆಯ ಪಟ್ಟಿಗಳಾಗಿ ಕಥೆಗಳು ಸಾಗುತ್ತವೆ. ಶಿವನೂ ಅರ್ಜುನನೂ ಒಂದೇ ಹಂದಿಗೆ ಬಾಣ ಹೂಡಿ ಜಗಳಕ್ಕೆ ನಿಂತ ಕಿರಾತಾರ್ಜುನೀಯವಿದೆ, ದ್ರೌಪದಿಯ ಸ್ವಯಂವರವಿದೆ, ಕರುವನ್ನು ಕಳೆದುಕೊಂಡ ಹಸುವಿಗೆ ನ್ಯಾಯ ಕೊಡಲು ತನ್ನ ಮಗನನ್ನೇ ದಂಡಿಸಹೊರಟ ಮನುನೀತಿ ಚೋಳನ ಕಥೆಯಿದೆ. ಒಂದು ದೃಶ್ಯ ಮುಗಿದು ಮತ್ತೊಂದು ಆರಂಭವಾಗುವ ಬಗೆಯನ್ನು ನೋಡಿದರೆ ಇಂದಿನ ಚಿತ್ರಕಥೆಯ ಚೌಕಗಳೇ ನೆನಪಾಗುತ್ತವೆ.

ಪಕ್ಕದಿಂದ ಕಾಣುವ ಮುಖ, ಚೂಪಾದ ಮೂಗು, ಮುಖದಲ್ಲೆಲ್ಲ ತಾನೇ ತಾನಾಗಿ ತೆರೆದುಕೊಂಡ ದೊಡ್ಡ ಕಣ್ಣು, ಸೀರೆಯ ಮೇಲೆ ಎಣಿಸಲಾಗದಷ್ಟು ಹೂಬಳ್ಳಿಯ ನಮೂನೆ ಇವು ಲೇಪಾಕ್ಷಿಯ ಚಿತ್ರಗಳ ಲಕ್ಷಣ. ಇದೇ ಕಣ್ಣು, ಇದೇ ಮೂಗು, ಇದೇ ಹೂಬಳ್ಳಿಗಳನ್ನು ನಮ್ಮ ತೊಗಲುಗೊಂಬೆಗಳಲ್ಲಿಯೂ ಕಾಣಬಹುದು. ಈ ಸಾಮ್ಯವನ್ನು ಕಲಾವಿಮರ್ಶಕರು ಹಲವು ಬಾರಿ ಎತ್ತಿ ತೋರಿಸಿದ್ದಾರೆ. ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ಅದೇ ದೇವಾಲಯದ ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ನರ್ತಿಸುತ್ತಿದ್ದಾಳೆ. ಬ್ರಹ್ಮನು ಮೃದಂಗ ನುಡಿಸುತ್ತಿದ್ದಾನೆ. ತುಂಬುರನ ಕೈಯಲ್ಲಿ ವೀಣೆಯಿದೆ. ಮೂರು ಕಾಲಿನ ಭೃಂಗಿಯು ನಾಟ್ಯಾಚಾರ್ಯನಾಗಿ ನಿಂತಿದ್ದಾನೆ. ಅಂದರೆ ಮೇಲೆ ಚಿತ್ರಕಥೆ, ಕೆಳಗೆ ಮೇಳ. ದೇವಾಲಯದಲ್ಲಿ ಕಲ್ಲಾಗಿಯೂ ಬಣ್ಣವಾಗಿಯೂ ನಿಂತುಬಿಟ್ಟ ಈ ಜೋಡಣೆ ಊರ ಬಯಲಿನಲ್ಲಿ ಚಲಿಸತೊಡಗಿದರೆ ಅದು ಗೊಂಬೆಯಾಟದಂತೆಯೇ ಕಾಣುತ್ತದೆಯೆನ್ನಲು ಅಡ್ಡಿಯಿಲ್ಲ.

ಚರ್ಮದೊಳಗಿನ ಬೆಳಕು

ಗೊಂಬೆ ಮಾಡುವ ವಿಧಾನವನ್ನು ನೋಡುವುದೇ ಒಂದು ಪಾಠ. ಮೇಕೆಯ ಚರ್ಮವನ್ನು ಬಿಸಿನೀರಿನಲ್ಲಿ ನೆನೆಸಿ, ಕೂದಲನ್ನೂ ಒಳಗಿನ ಕೊಬ್ಬನ್ನೂ ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಾರೆ. ಒಣಗಿದ ಚರ್ಮವು ಎಣ್ಣೆ ಸವರಿದ ಕಾಗದದಂತೆ ಬೆಳಕನ್ನು ಒಳಬಿಡುತ್ತದೆ. ಹಿಂದೆ ದೇವತೆಗಳ ಗೊಂಬೆಗೆ ಜಿಂಕೆಯ ಚರ್ಮವನ್ನು ಬಳಸುವ ರೂಢಿಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಅದಕ್ಕೆ ಅವಕಾಶವಿಲ್ಲ. ಚರ್ಮದ ಮೇಲೆ ಮೊದಲು ರೇಖೆ ಎಳೆದು, ಆಮೇಲೆ ಸಣ್ಣ ಉಳಿಗಳಿಂದ ರಂಧ್ರಗಳನ್ನು ಕೊರೆಯುತ್ತಾರೆ. ಕಿರೀಟ, ಕೊರಳ ಹಾರ, ತೋಳಬಂದಿ, ಸೀರೆಯ ಅಂಚು ಎಲ್ಲವೂ ಈ ರಂಧ್ರಗಳೇ. ಕೈಯಲ್ಲಿ ಹಿಡಿದು ನೋಡಿದರೆ ಅವು ಬರಿಯ ತೂತುಗಳು. ಹಿಂದಿನಿಂದ ದೀಪದ ಬೆಳಕು ಬಿದ್ದೊಡನೆ ಒಂದೊಂದೂ ಮಣಿಯಾಗಿ ಹೊಳೆಯುತ್ತದೆ. ಇಲ್ಲದಿರುವಿಕೆಯಿಂದಲೇ ಆಭರಣವನ್ನು ಸೃಷ್ಟಿಸುವ ಈ ಯುಕ್ತಿಯನ್ನು ಕಂಡುಹಿಡಿದವನು ಯಾರೋ ಮಹಾ ರಸಿಕನಿರಬೇಕು.

ಬಣ್ಣವನ್ನು ಎರಡೂ ಬದಿಗೆ ಹಚ್ಚುವುದರಿಂದ ಪರದೆಯ ಮೇಲೆ ಬೀಳುವುದು ಕಪ್ಪು ನೆರಳಲ್ಲ, ಬಣ್ಣದ ನೆರಳು. ಕೇರಳದ ಪಾಲಕ್ಕಾಡು ಸೀಮೆಯ ಭದ್ರಕಾಳಿ ದೇವಾಲಯಗಳಲ್ಲಿ ನಡೆಯುವ ತೋಲ್ಪಾವಕೂತ್ತಿನಲ್ಲಿ ಹಚ್ಚಗಪ್ಪು ನೆರಳೇ ಪ್ರಧಾನವಾದುದರಿಂದ, ಆ ಕಡೆಯ ನಮ್ಮ ವಾಚಕರಿಗೆ ಈ ವ್ಯತ್ಯಾಸ ಬೇಗ ಮನವರಿಕೆಯಾದೀತು. ಕರ್ನಾಟಕದ ಗೊಂಬೆಗಳು ಬಹುಮಟ್ಟಿಗೆ ಚಿಕ್ಕವು. ಅದರಲ್ಲಿಯೂ ರಾಜರು, ದೇವತೆಗಳು ದೊಡ್ಡದಾಗಿಯೂ ಆಳುಕಾಳುಗಳು ಸಣ್ಣದಾಗಿಯೂ ಇರುತ್ತಾರೆ. ಆಂಧ್ರದ ಕಡೆಯವು ಆಳೆತ್ತರಕ್ಕೆ ಬೆಳೆದವು. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳುಂಟು. ನಮ್ಮ ಗಡಿಯ ಹಳ್ಳಿಗಳಿಗೆ ಎರಡೂ ಬಗೆಯ ಮೇಳಗಳು ಬರುತ್ತಿದ್ದುದರಿಂದ ಎರಡನ್ನೂ ನೋಡುವ ಭಾಗ್ಯ ನಮಗೆ ದೊರೆತಿತ್ತು.

ಗೊಂಬೆಯ ನಡುವಿಗೆ ಸೀಳಿದ ಬಿದಿರುಕಡ್ಡಿ. ಕೈಗಳಿಗೆ ಬೇರೆ ಕಡ್ಡಿಗಳು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣವೂ ರೇಖೆಯೂ ಸ್ಫುಟ. ಹಿಂದಕ್ಕೆಳೆದರೆ ನೆರಳು ಮಸುಕಾಗಿ ಹಿಗ್ಗುತ್ತದೆ. ಹನುಮಂತನು ಬೆಳೆಯುವುದು, ಮಾಯಾಮೃಗವು ಮರೆಯಾಗುವುದು, ರಾಕ್ಷಸನು ಕರಗಿಹೋಗುವುದು ಎಲ್ಲವೂ ಇಷ್ಟರಲ್ಲಿಯೇ ಸಾಧ್ಯ. ಚಲನಚಿತ್ರದ ತಂತ್ರಗಳನ್ನು ಹೊಗಳುವ ನಮ್ಮ ಯುವಕರು ಇದನ್ನು ಒಮ್ಮೆ ಪರದೆಯ ಹಿಂದೆ ಕುಳಿತು ನೋಡಬೇಕು.

ಪರದೆಯ ಹಿಂದಿನ ಮೇಳ

ಗೊಂಬೆಯು ಚಲಿಸುವುದು ಕಡ್ಡಿಯಿಂದಾದರೂ ಅದಕ್ಕೆ ಜೀವ ಬರುವುದು ಹಾಡಿನಿಂದ. ಮೇಳವೆಂದರೆ ಸಾಮಾನ್ಯವಾಗಿ ಒಂದೇ ಕುಟುಂಬ. ತಂದೆ ಗೊಂಬೆ ಆಡಿಸುತ್ತ ಮಾತಾಡುತ್ತಾನೆ. ತಾಯಿ ಹಾಡುತ್ತಾಳೆ, ಸ್ತ್ರೀಪಾತ್ರಗಳಿಗೆ ಧ್ವನಿಯಾಗುತ್ತಾಳೆ, ಬೇಕಾದಾಗ ಗೊಂಬೆಯನ್ನೂ ಹಿಡಿಯುತ್ತಾಳೆ. ಮಗ ಮದ್ದಳೆಗೆ, ಮತ್ತೊಬ್ಬ ತಾಳಕ್ಕೆ ಅಥವಾ ಹಾರ್ಮೋನಿಯಮ್ಮಿಗೆ. ಕೆಲವು ಮೇಳಗಳಲ್ಲಿ ಮುಖವೀಣೆಯೂ ಉಂಟು. ಆಡಿಸುವವರು ಕಾಲಿಗೆ ಗೆಜ್ಜೆ ಕಟ್ಟಿಕೊಂಡಿರುತ್ತಾರೆ. ಗೊಂಬೆ ಕುಣಿದಾಗ ಅವರ ಪಾದವೂ ಕುಣಿಯುತ್ತದೆ. ಯುದ್ಧದ ಸಂದರ್ಭದಲ್ಲಿ ಕಾಲಡಿಯ ಹಲಗೆಯನ್ನು ತುಳಿದು ಎಬ್ಬಿಸುವ ದಡಬಡ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿಯುತ್ತಿದ್ದುದನ್ನು ನಾನೇ ಬಲ್ಲೆ. ಆ ಸಾಲಿನಲ್ಲಿ ನಾನೂ ಇದ್ದೆ.

ಗಣಪತಿ ಸ್ತುತಿಯಿಂದ ಆರಂಭ. ಗಣಪನ ಗೊಂಬೆ ಬರುತ್ತದೆ, ಶಾರದೆ ಬರುತ್ತಾಳೆ. ತಮ್ಮ ಸರದಿಗಾಗಿ ಕಾಯುವ ಗೊಂಬೆಗಳನ್ನು ಪರದೆಯ ಅಂಚಿಗೆ ಮುಳ್ಳಿನಿಂದ ಸಿಕ್ಕಿಸಿರುತ್ತಾರೆ. ತರುವಾಯ ರಾಮಾಯಣದ್ದೋ ಮಹಾಭಾರತದ್ದೋ ಒಂದು ಕಥಾಭಾಗ ಬೆಳಗಿನ ಜಾವದವರೆಗೆ ನಡೆಯುತ್ತದೆ. ಇಲ್ಲಿ ಸಂಗೀತವು ಚಿತ್ರಕ್ಕೆ ಅಲಂಕಾರವಾಗಿ ಹಿಂದೆ ನಿಲ್ಲುವುದಿಲ್ಲ. ಚಿತ್ರದ ಕಾಲವನ್ನು ಅದೇ ನಿರ್ಣಯಿಸುತ್ತದೆ. ಅಚ್ಚಾದ ಚಿತ್ರಕಥೆಯಲ್ಲಿ ಸೀತೆಯ ದುಃಖಕ್ಕೆ ಒಂದು ಚೌಕ, ಎರಡು ಸಾಲು ಮಾತು. ಪುಟ ತಿರುವಿದರೆ ದುಃಖ ಮುಗಿಯಿತು. ಪರದೆಯ ಮೇಲೆ ಹಾಗಿಲ್ಲ. ಅಶೋಕವನದಲ್ಲಿ ಸೀತೆಯ ಗೊಂಬೆ ಅಲುಗಾಡದೆ ಕುಳಿತಿರುತ್ತದೆ. ಹಾಡುವಾಕೆ ತನ್ನ ಸ್ವರವನ್ನು ಎಷ್ಟು ಹೊತ್ತು ಎಳೆಯಬಲ್ಲಳೋ ಅಷ್ಟು ಹೊತ್ತು ನಾವೂ ಅಲ್ಲಿಯೇ ಕುಳಿತಿರಬೇಕು. ದೀಪದ ಕುಡಿ ಅಲುಗಿದಾಗ ಸೀತೆಯ ಮುಖವೂ ಅಲುಗಿ, ಬಿಕ್ಕಿದಂತೆ ಕಾಣುತ್ತದೆ. ಇದನ್ನು ಯಾವ ಪುಸ್ತಕವೂ ಕೊಡಲಾರದು.

ಕಂಠದ ಮಹತ್ವಕ್ಕೆ ಒಂದು ಉಜ್ಜ್ವಲ ನಿದರ್ಶನವನ್ನು ನಾವೆಲ್ಲ ಇತ್ತೀಚೆಗೆ ಕಂಡೆವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, 90 ವರ್ಷ ದಾಟಿದ ಆ ಹಿರಿಯ ಕಲಾವಿದೆಗೆ, 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಎಳೆಯ ವಯಸ್ಸಿನಲ್ಲಿಯೇ ಪರದೆಯ ಹಿಂದೆ ಕುಳಿತ ಆಕೆ ತಮ್ಮ ಗೊಂಬೆಗಳೊಂದಿಗೆ ಸಮುದ್ರವನ್ನೂ ದಾಟಿ ಬಂದವರು. ಗೊಂಬೆಯಾಟವು ಉಳಿದಿರುವುದು ಮಣ್ಣಿನ ಮನೆಗಳ ಇಂಥ ತಾಯಂದಿರ ನೆನಪಿನ ಶಕ್ತಿಯಿಂದ ಎಂಬುದನ್ನು ಆ ಪ್ರಶಸ್ತಿ ದೇಶಕ್ಕೆಲ್ಲ ತಿಳಿಸಿತು.

ಕಿಳ್ಳೇಕ್ಯಾತನೆಂಬ ಸ್ವತಂತ್ರ ಪುರುಷ

ಇನ್ನು ನಮ್ಮ ನಾಯಕನ ವಿಚಾರಕ್ಕೆ ಬರೋಣ. ರಾಮನಲ್ಲ, ಅರ್ಜುನನಲ್ಲ; ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲಿನ ಕಿಳ್ಳೇಕ್ಯಾತ! ಅವನ ಹೆಂಡತಿ ಬಂಗಾರಕ್ಕ. ತೆಲುಗಿನ ಆಟದಲ್ಲಿಯೂ ಬಂಗಾರಕ್ಕ ಅದೇ ಹೆಸರಿನಿಂದ ಇದ್ದಾಳೆ. ಅಲ್ಲಿ ಅವಳ ಜೊತೆಗೆ ಜುಟ್ಟುಪೋಲಿಗಾಡು, ಕೇತಿಗಾಡು ಮೊದಲಾದವರು ಸೇರುತ್ತಾರೆ. ಈ ಹಾಸ್ಯಪಾತ್ರದ ಹೆಸರೇ ಆಟ ಆಡಿಸುವ ಜನಾಂಗಕ್ಕೂ ಅಂಟಿಕೊಂಡಿತೆಂದ ಮೇಲೆ ಅವನ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ದೇವತೆಗಳ ಹೆಸರಿನಿಂದಲ್ಲ, ವಿದೂಷಕನ ಹೆಸರಿನಿಂದ ಕರೆಸಿಕೊಂಡ ಕಲಾವಿದರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು?

ವ್ಯಂಗ್ಯಚಿತ್ರದ ಲಕ್ಷಣಗಳೆಲ್ಲವೂ ಈ ಗೊಂಬೆಯಲ್ಲಿವೆ. ಮುಖ ದೊಡ್ಡದು, ಕಾಲು ಗಿಡ್ಡ. ಇರಬೇಕಾದಲ್ಲಿ ಕಡಿಮೆ, ಬೇಡವಾದಲ್ಲಿ ಹೆಚ್ಚು. ಆದರೆ ಅವನ ನಿಜವಾದ ಶಕ್ತಿ ಆಕಾರದಲ್ಲಿಲ್ಲ, ಸ್ವಾತಂತ್ರ್ಯದಲ್ಲಿದೆ. ರಾಮನು ಏನು ಹೇಳಬೇಕೆಂಬುದು ಪರಂಪರೆಯಿಂದ ನಿಶ್ಚಿತ, ಹಾಡು ನಿಶ್ಚಿತ, ಯುದ್ಧದ ಫಲವೂ ನಿಶ್ಚಿತ. ಕಿಳ್ಳೇಕ್ಯಾತನ ಮಾತು ಮಾತ್ರ ಆಯಾ ರಾತ್ರಿಯದು, ಆಯಾ ಊರಿನದು. ಅವನು ಲಂಕೆಗೂ ಹೋಗಬಲ್ಲ, ಅಲ್ಲಿಂದ ನೇರವಾಗಿ ನಮ್ಮೂರ ಸಂತೆಗೂ ಬರಬಲ್ಲ.

ಒಂದು ಬರಗಾಲದ ವರ್ಷ. ಮಳೆ ಹೋದರೆ ಗೊಂಬೆಯಾಟ ಆಡಿಸಬೇಕೆಂಬ ನಂಬಿಕೆ ನಮ್ಮ ಕಡೆ ಇದೆ. ಹಾಗೆ ಕರೆಸಿದ ಮೇಳ ನಮ್ಮೂರಿಗೆ ಬಂದಿತ್ತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಅಂದಿನ ಕಥೆ ಲಂಕಾದಹನ. ಹನುಮಂತನ ಬಾಲಕ್ಕೆ ಬಟ್ಟೆ ಸುತ್ತಿದ್ದಾಯಿತು, ರಾವಣನು ಹತ್ತು ತಲೆಗಳನ್ನೂ ಅಲುಗಿಸುತ್ತ, "ಬೆಂಕಿ ಇಡಿರೋ!" ಎಂದು ಗರ್ಜಿಸಿದ. ಕಿಳ್ಳೇಕ್ಯಾತನು ಓಡಿಬಂದು ಕೈಮುಗಿದು, ಮೊದಲು ತೆಲುಗಿನಲ್ಲಿ, "ಕಾರ್ಡು ಉಂದಾ ಸ್ವಾಮೀ?" ಎಂದ. ರಾವಣ ತಬ್ಬಿಬ್ಬಾದ. ಕಿಳ್ಳೇಕ್ಯಾತ ಕನ್ನಡಕ್ಕೆ ತಿರುಗಿ, "ಬಾಲ ಸುಡಬೇಕಂದ್ರೆ ಸೀಮೆಎಣ್ಣೆ ಬೇಕು. ಸೀಮೆಎಣ್ಣೆ ಬೇಕಂದ್ರೆ ಕಾರ್ಡು ಬೇಕು. ಹತ್ತು ತಲೆ ಇದ್ದರೇನು ಸ್ವಾಮೀ, ಕಾರ್ಡಿನಾಗೆ ಒಂದೇ ಹೆಸರು! ಸಾಲಿನಾಗೆ ನಿಂತ್ಕಳಿ" ಎಂದುಬಿಟ್ಟ. ಹಾರ್ಮೋನಿಯಮ್ ಒಂದು ಅಪಸ್ವರವನ್ನು ಎಳೆಯಿತು. ಮದ್ದಳೆ 'ಧೊಪ್' ಎಂದಿತು. ಲಂಕಾಧಿಪತಿಯು ಸರದಿಗಾಗಿ ಕಾಯುತ್ತ ನಿಂತ ಆ ಚಿತ್ರವನ್ನು ಕಂಡು ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೀಮೆಎಣ್ಣೆ ಅಳೆದುಕೊಡುವವರೂ ಆ ಜನರ ನಡುವೆಯೇ ಕುಳಿತಿದ್ದರು. ಅವರೂ ನಗದೆ ಬೇರೆ ದಾರಿಯಿರಲಿಲ್ಲ.

ಮರುದಿನ ಬೆಳಿಗ್ಗೆ ದವಸ ಒಪ್ಪಿಸುವಾಗ ನಮ್ಮ ತಂದೆಯವರು ಮೇಳದ ಹಿರಿಯನನ್ನು, "ಆ ಮಾತು ಯಾವ ಪುಸ್ತಕದ್ದಪ್ಪಾ?" ಎಂದು ಕೇಳಿದರು. ಆತ ನಗುತ್ತ, "ಪುಸ್ತಕ ಎಲ್ಲಿದ್ದು ಬುದ್ಧೀ, ನಿನ್ನೆ ಮಧ್ಯಾಹ್ನ ದೀಪಕ್ಕೆ ಎಣ್ಣೆ ಕೇಳಾಕೆ ಹೋಗಿದ್ದೆ, ಕಾರ್ಡಿಲ್ಲ ಅಂತ ಕಳಿಸಿದರು" ಎಂದ. ನಿಜ, ಆ ಸಂಜೆ ಪೆಟ್ರೋಮ್ಯಾಕ್ಸ್ ಹತ್ತಿಸಲು ಎಣ್ಣೆ ಸಾಲದೆ, ಮನೆಗೊಂದು ಲೋಟದಂತೆ ಊರವರೇ ಕೂಡಿಸಿ ಕೊಟ್ಟಿದ್ದರು. ಬರಿಗೈಯಲ್ಲಿ ಹಿಂದಿರುಗಿದ ಬೇಸರವನ್ನು ಆ ಮನುಷ್ಯ ಕೆಲವೇ ಗಂಟೆಗಳಲ್ಲಿ ಇಡೀ ಊರಿನ ನಗೆಯನ್ನಾಗಿ ಮಾರ್ಪಡಿಸಿದ್ದ.

ಸೃಷ್ಟಿಶೀಲ ಸ್ಫೂರ್ತಿ ಎಂಬುದರ ಬಗ್ಗೆ ಶಿಕ್ಷಕರ ತರಬೇತಿಯ ದಿನಗಳಲ್ಲಿ ನಾವು ಅನೇಕ ಉಪನ್ಯಾಸಗಳನ್ನು ಕೇಳಿದ್ದೇವೆ. ಅದು ಆಕಾಶದಿಂದ ಇಳಿದುಬರುವ ವರವಲ್ಲ. ಕೈಗೆ ಸಿಗದ ಒಂದು ಲೋಟ ಎಣ್ಣೆಯಿಂದಲೂ ಹುಟ್ಟಬಲ್ಲದು ಎಂಬುದನ್ನು ನನಗೆ ಕಲಿಸಿದವನು ಆ ಗೊಂಬೆಯಾಟದವನು. ಅದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಎದುರಿಗೆ ಬಲ್ಲ ಜನ, ಕೈಯಲ್ಲಿ ಪಳಗಿದ ವಿದ್ಯೆ, ಮನಸ್ಸಿನಲ್ಲಿ ಅಂದಿನ ಬದುಕು. ಇವುಗಳಲ್ಲಿ ಒಂದು ತಪ್ಪಿದರೂ ಕಿಳ್ಳೇಕ್ಯಾತ ಮೂಕನಾಗುತ್ತಾನೆ.

ಮೂರು ಮಾತಿನ ಜನ

ಕಿಳ್ಳೇಕ್ಯಾತನು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಉತ್ತರಿಸಿದ್ದು ಆಕಸ್ಮಿಕವಲ್ಲ. ಈ ಕಲಾವಿದರಲ್ಲಿ ಬಹುಮಂದಿಯ ಮನೆಮಾತು ಮರಾಠಿಯ ಒಂದು ಪ್ರಭೇದ. ಆಟ ಆಡುವುದು ಮಾತ್ರ ಊರಿನ ಮಾತಿನಲ್ಲಿ: ಇತ್ತ ಕನ್ನಡ, ಅತ್ತ ತೆಲುಗು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ನಕ್ಷೆಯಲ್ಲಿ ಗೆರೆ ಬಿದ್ದಿತು. ಎತ್ತಿನ ಗಾಡಿಯಲ್ಲಿ ಗೊಂಬೆಯ ಪೆಟ್ಟಿಗೆಯನ್ನು ಹೇರಿಕೊಂಡು ತಿರುಗುವವರು ತಮ್ಮ ದಾರಿಯನ್ನು ಬದಲಿಸಲಿಲ್ಲ. ಗಡಿಯಾಚೆ ಉಳಿದ ಕನ್ನಡಿಗರಾದ ನಾವು ಎರಡು ಭಾಷೆಗಳ ನಡುವೆ ಬದುಕುವುದನ್ನು ಒಮ್ಮೊಮ್ಮೆ ಕೊರತೆಯೆಂದು ಭಾವಿಸಿ ಕೊರಗುತ್ತೇವೆ. ಕಿಳ್ಳೇಕ್ಯಾತನಿಗೆ ಅದೇ ಬಂಡವಾಳ. ಒಂದು ಭಾಷೆಯಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ, ಎರಡರ ನಡುವಿನ ಸಂದಿನಲ್ಲಿ ನಗೆ!

ಗಡಿಯುದ್ದಕ್ಕೂ ಇಂಥ ಸೋದರ ಕಲೆಗಳು ಹಬ್ಬಿವೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ ಜನಾಂಗದವರು ಕಾಗದದ ಮೇಲೆ ಬರೆದ ಚಿತ್ರಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ ಹಾಡಿ ಕಥೆ ಹೇಳುವ 'ಚಿತ್ರಕಥಿ'ಯನ್ನು ಉಳಿಸಿಕೊಂಡು ಬಂದಿದ್ದಾರೆ. ಆ ಸಂಪ್ರದಾಯದ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಕಾಸರಗೋಡಿನಲ್ಲಿ ಯಕ್ಷಗಾನವೇ ಸೂತ್ರದ ಗೊಂಬೆಗಳಾಗಿ ಕುಣಿಯುತ್ತದೆ. ಎಲ್ಲ ಕಡೆಯೂ ಸೂತ್ರ ಒಂದೇ: ಚಿತ್ರವು ಹಾಡಿನ ಕೈ ಹಿಡಿದೇ ನಡೆಯಬೇಕು.

ಕೈ ಉಳಿಯಿತು, ಕಂಠ ಸೊರಗಿತು

ಸಂಚಾರಿ ಸಿನೆಮಾ ಬಂದಿತು. ಅದರ ಹಿಂದೆ ದೂರದರ್ಶನ ಬಂದಿತು. ಈಗ ಅಂಗೈಯಲ್ಲಿಯೇ ಪರದೆ ಬಂದಿದೆ. ರಾತ್ರಿಯಿಡೀ ಕುಳಿತು ನೋಡುವ ಊರುಗಳು ಕಡಿಮೆಯಾದಂತೆ, ಗೊಂಬೆಯಾಟದ ಕುಟುಂಬಗಳು ಮೀನು ಹಿಡಿಯುವುದಕ್ಕೋ ಕೂಲಿಗೋ ಇಳಿದವು. ಕೆಲವರು ಹೊಸ ದಾರಿ ಕಂಡುಕೊಂಡರು. ಧರ್ಮಾವರಂ ಬಳಿಯ ನಿಮ್ಮಲಕುಂಟದಲ್ಲಿ ಅದೇ ಮೇಕೆಯ ಚರ್ಮ, ಅದೇ ಉಳಿ, ಅದೇ ಬಣ್ಣಗಳಿಂದ ದೀಪದ ಮರೆಗಳನ್ನೂ ಗೋಡೆಯ ಅಲಂಕಾರಗಳನ್ನೂ ತಯಾರಿಸುತ್ತಾರೆ. 2008ರಲ್ಲಿ ಆಂಧ್ರದ ತೊಗಲುಗೊಂಬೆ ಕರಕೌಶಲ್ಯಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೇ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಇವೆಲ್ಲ ಸಂತೋಷದ ವಿಷಯಗಳೇ. ಹಸಿದವನಿಗೆ ಕಲೆಯ ಶುದ್ಧಿಯನ್ನು ಬೋಧಿಸುವ ಅಧಿಕಾರ ತಿಂಗಳ ಸಂಬಳದವನಾದ ನನಗಿಲ್ಲ. ದೀಪದ ಮರೆಯು ಅನ್ನ ಕೊಟ್ಟಿದೆ. ಕೈಯ ವಿದ್ಯೆಯನ್ನು ಉಳಿಸಿದೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ನಾನು ನೋಡಿದ ಅಂಗಡಿಗಳಲ್ಲಿ ರಾಮನಿದ್ದಾನೆ, ಹನುಮಂತನಿದ್ದಾನೆ, ನವಿಲಿದೆ, ಆನೆಯಿದೆ. ಕಿಳ್ಳೇಕ್ಯಾತನೂ ಬಂಗಾರಕ್ಕನೂ ಕಾಣಲಿಲ್ಲ. ಬೈಠಕ್ ಖಾನೆಗೆ ಡೊಳ್ಳು ಹೊಟ್ಟೆಯ ಕರಿಯನನ್ನು ಕೊಳ್ಳುವವರು ಯಾರು? ಹೀಗೆ ಮಾರಾಟವಾಗುವ ಚಿತ್ರಕ್ಕೆ ಹಾಡೂ ಬೇಕಾಗಿಲ್ಲ, ನಗೆಯೂ ಬೇಕಾಗಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾವ್ ಅವರು ಶ್ರಮಪಟ್ಟು ಸಂಗ್ರಹಿಸಿದ ತೊಗಲುಗೊಂಬೆಗಳ ಭಂಡಾರವಿದೆ. ಅವರು ಮಾಡದಿದ್ದರೆ ಎಷ್ಟೋ ಹಳೆಯ ಗೊಂಬೆಗಳು ಗೆದ್ದಲಿನ ಪಾಲಾಗುತ್ತಿದ್ದವು. ಆದರೆ ಗೊಂಬೆಯನ್ನು ಸಂಗ್ರಹಾಲಯದಲ್ಲಿ ಇಡಬಹುದು. ಅಂದಿನ ಮಾತನ್ನು ಅಂದೇ ಹುಟ್ಟಿಸುವ ಬುದ್ಧಿಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು? ಅದು ಆಟ ನಡೆದರೆ ಮಾತ್ರ ಉಳಿಯುತ್ತದೆ.

ಕಿಳ್ಳೇಕ್ಯಾತನು ಮರೆಯಾಗುವುದರಲ್ಲಿ ನಮ್ಮಂಥ ಓದಿದವರ ಪಾಲೂ ಇದೆ. ಅವನ ಕೆಲವು ಮಾತುಗಳು ಮಕ್ಕಳ ಮುಂದೆ ಆಡತಕ್ಕವಲ್ಲ. ಹೆಂಗಸರನ್ನು ಹೀಗಳೆಯುವ ಹಳೆಯ ಹಾಸ್ಯವೂ ಅಲ್ಲಲ್ಲಿ ಇತ್ತು. ಅದನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಅದಕ್ಕಾಗಿ ಹಾಸ್ಯಗಾರನನ್ನೇ ಹೊರದೂಡಿ, ಬರಿಯ ಭಕ್ತಿದೃಶ್ಯಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿರೆಂದು ಕೇಳುವುದು, ನೆಗಡಿ ಬಂದಿತೆಂದು ಮೂಗು ಕೊಯ್ದುಕೊಂಡಂತೆ. ಹಳೆಯ ಮಾತನ್ನು ಬಿಟ್ಟು ಹೊಸ ಮಾತನ್ನು ಹಿಡಿಯುವ ಶಕ್ತಿ ಈ ಕಲೆಗೆ ಇದೆ. 2022ರಲ್ಲಿ ನಮ್ಮನ್ನಗಲಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯವರ ಜೀವನವನ್ನೂ ಸ್ವಾತಂತ್ರ್ಯ ಸಂಗ್ರಾಮವನ್ನೂ ತೊಗಲಿನ ಪರದೆಗೆ ತಂದು ಅದನ್ನು ಸಾಧಿಸಿ ತೋರಿಸಿದರು.

ನಮ್ಮಿಂದ ಆಗುವ ಕಾರ್ಯ

ಸರ್ಕಾರವು ಮಾಡಬೇಕಾದದ್ದನ್ನು ಸರ್ಕಾರಕ್ಕೆ ಬಿಡೋಣ. ಒಂದು ಊರು, ಒಂದು ಮನೆ, ಒಂದು ಶಾಲೆ ಮಾಡಬಹುದಾದುದೇನು?

ಜಾತ್ರೆಗೋ ಗಣೇಶನ ಹಬ್ಬಕ್ಕೋ ಧ್ವನಿವರ್ಧಕದ ಮೇಳವನ್ನು ಕರೆಸುವ ಹಣದಲ್ಲಿ ವರ್ಷಕ್ಕೊಮ್ಮೆ ಒಂದು ಗೊಂಬೆಮೇಳವನ್ನು ಕರೆಸಬಹುದು. ಕರೆಸಿದ ಮೇಲೆ ಗೌರವಧನವನ್ನು ಚೌಕಾಶಿಯಿಲ್ಲದೆ ಕೊಟ್ಟು, ಆಟವನ್ನು ಕತ್ತರಿಸದೆ, ಕೊನೆಯವರೆಗೂ ಕುಳಿತು ನೋಡಬೇಕು. ಊರಿಗೆ ಬಂದ ದಿನ ಮಧ್ಯಾಹ್ನವೇ ಕಲಾವಿದರನ್ನು ಊರೊಳಗೆ ಕರೆದೊಯ್ದು ನಾಲ್ಕು ಮಾತಾಡಬೇಕು. ಊರಿನ ಸುಖದುಃಖ ತಿಳಿಯದಿದ್ದರೆ ಕಿಳ್ಳೇಕ್ಯಾತ ಏನನ್ನು ತಾನೆ ಆಡಿಯಾನು? ಹಾಡುವ ಹಿರಿಯ ಹೆಂಗಸರ ಕಂಠವನ್ನು ಧ್ವನಿಮುದ್ರಿಸಿಕೊಂಡು ಒಂದು ಪ್ರತಿಯನ್ನು ಅವರ ಮೊಮ್ಮಕ್ಕಳ ಕೈಗೇ ಕೊಡುವುದು ಇಂದು ಕಷ್ಟದ ಕೆಲಸವಲ್ಲ.

ಶಾಲೆಯಲ್ಲಿ ನಾವು ಮಾಡುವ ಸಣ್ಣ ಪ್ರಯೋಗವನ್ನು ಇತರ ಶಿಕ್ಷಕ ಬಂಧುಗಳಿಗೂ ತಾಯಂದಿರಿಗೂ ಉಪಯೋಗವಾದೀತೆಂದು ಬರೆಯುತ್ತೇನೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಪಾತ್ರದ ಆಕಾರವನ್ನು ಕತ್ತರಿಸಿ, ಆಭರಣದ ಜಾಗದಲ್ಲಿ ದಬ್ಬಳದಿಂದ ರಂಧ್ರ ಮಾಡಬೇಕು. ಉಡುಪಿನ ಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಬಣ್ಣ ಹಚ್ಚಿ ಕಡಲೆಕಾಯಿ ಎಣ್ಣೆ ಸವರಿದ ತೆಳು ಕಾಗದವನ್ನು ಅಂಟಿಸಿದರೆ ಬೆಳಕು ಬಣ್ಣವಾಗಿ ಇಳಿಯುತ್ತದೆ. ತೋಳಿನ ಕೀಲಿಗೆ ಗಂಟು ಹಾಕಿದ ದಾರ ಸಾಕು. ಹಿಡಿಯಲು ಬಿದಿರಿನ ಸೀಳು ಅಥವಾ ಪೊರಕೆಯ ಗಟ್ಟಿ ಕಡ್ಡಿ. ಬಾಗಿಲಿಗೆ ಬಿಳಿಯ ಪಂಚೆಯನ್ನು ಬಿಗಿಯಾಗಿ ಕಟ್ಟಿ ಹಿಂದೆ ಒಂದು ವಿದ್ಯುದ್ದೀಪ ಹಚ್ಚಿದರೆ ಪರದೆ ಸಿದ್ಧ. ತಾಳಕ್ಕೆ ಊಟದ ತಟ್ಟೆಯೇ ಆದೀತು.

ಕಥೆಯನ್ನು ಪಾಠದಿಂದ ಆರಿಸಿಕೊಳ್ಳಿ. ಹಾಡನ್ನು ಅಜ್ಜಿಯರಿಂದ ಕಲಿತು ಬರಲು ಹೇಳಿ. ಕಿಳ್ಳೇಕ್ಯಾತನ ಮಾತನ್ನು ಮಾತ್ರ ಯಾರೂ ಬರೆದುಕೊಡಬಾರದು; ಮಕ್ಕಳೇ ಆಡಬೇಕು. ಯಾರನ್ನೂ ಜಾತಿಯಿಂದಾಗಲಿ ಅಂಗದೋಷದಿಂದಾಗಲಿ ಆಡಿ ನೋಯಿಸಕೂಡದು ಎಂಬುದೊಂದೇ ನಿಯಮ. ಓದಲು ನಿಲ್ಲಿಸಿದರೆ ಬೆವರುವ ಮಗುವೂ ಪರದೆಯ ಮರೆಯಲ್ಲಿ ಎರಡು ಭಾಷೆ ಬೆರೆಸಿ ನಿರರ್ಗಳವಾಗಿ ಮಾತಾಡುವುದನ್ನು ನಾನು ಕಂಡಿದ್ದೇನೆ. ಒಮ್ಮೆ ನಮ್ಮ ಶಾಲೆಯ ಕಿಳ್ಳೇಕ್ಯಾತನು ಮುಖ್ಯೋಪಾಧ್ಯಾಯರ ಗಂಟೆಯ ಬಗ್ಗೆ, ಅದು ಒಳಬರುವಾಗ ಬೇಗನೆಯೂ ಹೊರಹೋಗುವಾಗ ತಡವಾಗಿಯೂ ಬಾರಿಸುವುದೇಕೆಂದು ವಿಚಾರಿಸಿದ. ಮಕ್ಕಳ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಉತ್ತರ ಕೊಡಬೇಕಾದ ನಾನು ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ನಕ್ಕೆ.

ಕಲೆಯ ಅಭಿಮಾನಿಯೆಂದರೆ ಚಿತ್ರವನ್ನು ಕೊಂಡು ಗೋಡೆಗೆ ತೂಗುಹಾಕುವವನಷ್ಟೇ ಅಲ್ಲ. ಚಾಪೆ ಹಾಸಿಕೊಂಡು ಅದರ ಎದುರಿಗೆ ಕುಳಿತುಕೊಳ್ಳುವವನು. ಮುಂದಿನ ಸುಗ್ಗಿಯ ಹೊತ್ತಿಗೆ ನಮ್ಮ ವಾಚಕರ ಊರುಗಳಲ್ಲಿ ಒಂದೆರಡು ಕಡೆಯಾದರೂ ಬಿಳಿಯ ಪರದೆ ಕಟ್ಟಿದರೆ, ಆ ಊರಿನ ಮಕ್ಕಳಿಗೆ ಕಿಳ್ಳೇಕ್ಯಾತನು ಏನು ಹೇಳಿದನೆಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿರಿ. ಓದಲು ನಾವೆಲ್ಲ ಕಾದಿರುತ್ತೇವೆ.